ಶುಕ್ರವಾರದವರು

ಭಾವ ತೀರಿಹೋದ ತಮ್ಮನ ಎಡಗೈಯನ್ನು ಕೋಟಿನ ತೋಳಿನೊಳಗೆ ತೂರಿಸಲು ಹೆಣಗಾಡುತ್ತಿದ್ದರು. ತಮ್ಮನ ಹೆಂಡತಿ ಕಿಟಕಿಯ ಬಳಿ ನಿಂತು ಎದುರಿನ ಫುಟ್‌ಪಾತಿನ ಮೇಲಿದ್ದ ಬಿಳಿ ಟೋಪಿಗಳನ್ನು ನೋಡುತ್ತಿದ್ದಳು. ಹನ್ನೊಂದು ಇದ್ದವು. ಅಷ್ಟರಲ್ಲಿ ಬೇಕರಿಯ ಮೂಲೆಯಿಂದ ಇನ್ನೆರಡು ಬಂದು ಸೇರಿಕೊಂಡವು.

“ನಿಮ್ಮಪ್ಪನ ಶುಕ್ರವಾರದವರು ಬಂದಿದಾರೆ,” ಎಂದಳು ಮಗಳಿಗೆ.

ಆ ದಿನ ಮಂಗಳವಾರ. ಆದರೂ ಈ ಮನೆಯಲ್ಲಿ ಅವರಿಗೆ ಅದೇ ಹೆಸರು. ಮಸೀದಿಯವರು ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಹಾಗೆ ಹೇಳಿದರೆ ಅದೊಂದು ದೊಡ್ಡ ವಿಷಯವೆಂದು ತಾನೇ ಒಪ್ಪಿಕೊಂಡಂತೆ. ಶುಕ್ರವಾರದವರು ಎಂದರೆ ವಾರಕ್ಕೊಮ್ಮೆ ಬಂದು ಹೋಗುವ ಹಳೇ ಪೇಪರಿನವನ ಸಾಲಿಗೆ ಸೇರುತ್ತಾರೆ, ಅಷ್ಟೇ.

ಸತ್ತವನು ವೈಂಡಿಂಗ್ ಮೇಸ್ತ್ರಿ. ಸುಟ್ಟುಹೋದ ಫ್ಯಾನು, ಪಂಪು, ಮಿಕ್ಸಿಗಳ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವ ಹಾಗೆ ಮಾಡುವುದು ಅವನ ಕಸುಬು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಈಗ ಅದೇ ಕೋಣೆಯಲ್ಲಿ ಕೆಲಸದ ಮೇಜನ್ನು ಗೋಡೆಗೆ ಸರಿಸಿ ಅವನನ್ನು ಮಂಚದ ಮೇಲೆ ಮಲಗಿಸಿದ್ದರು. ಮೂರು ವಾರ ಹಾಸಿಗೆ ಹಿಡಿದಿದ್ದವನ ಉಸಿರು ನಿನ್ನೆ ಸಂಜೆ ನಿಂತಿತ್ತು.

ಏರ್ಪಾಡೆಲ್ಲ ಭಾವನದು. ಅವರು ಸ್ಟೇಷನ್ ಮಾಸ್ಟರಾಗಿ ರಿಟೈರಾದವರು. ನಾಲ್ಕು ಗಂಟೆಗೆ ಚರ್ಚಿನಲ್ಲಿ ಪ್ರಾರ್ಥನೆ ಎಂದರೆ ನಾಲ್ಕು ಗಂಟೆಯೇ. ಚರ್ಚಿನ ಹಿಂದಿನ ಸಮಾಧಿ ಜಾಗದಲ್ಲಿ ತಮ್ಮನಿಗೂ ತಮ್ಮನ ಹೆಂಡತಿಗೂ ಅಕ್ಕಪಕ್ಕ ಎರಡು ಜಾಗ ಹೋದ ವರ್ಷವೇ ಗೊತ್ತುಮಾಡಿಸಿದ್ದರು. ಅವಳು ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದಳು. ಮೂಲೆ ಜಾಗ. ಒಂದು ಕಡೆ ಗೋಡೆ, ಇನ್ನೊಂದು ಕಡೆ ತಾನು. ಇಲ್ಲಿಂದಾದರೂ ಶುಕ್ರವಾರ ಎದ್ದು ಹೋಗುವ ಹಾಗಿಲ್ಲ ಎಂದು ಆಗ ಅವಳಿಗೆ ಒಳಗೊಳಗೇ ನಗು ಬಂದಿತ್ತು. ಮನಸ್ಸಿಗೆ ತಂಪೂ ಆಗಿತ್ತು.

ಮಗಳು ಕೋಟಿನ ತೋಳನ್ನು ಈ ಕಡೆಯಿಂದ ಎಳೆಯುತ್ತ, ಅಪ್ಪನಿಗೆ ಅವರ ಕ್ರಮದಲ್ಲೇ ಆಗಬೇಕು ಅಂತ ಇತ್ತೇನೋ ಎಂದು ಮೆಲ್ಲಗೆ ಅಂದಳು. ಭಾವ ತಲೆ ಎತ್ತಿದರು.

“ಹನ್ನೊಂದು ವರ್ಷ ಹೋದ, ಬಂದ. ಸೇರಿದ್ನಾ? ಇಲ್ಲ. ರೈಲು ನೋಡೋಕೆ ಸ್ಟೇಷನ್‌ಗೆ ಬರೋರೆಲ್ಲ ಪ್ರಯಾಣಿಕರಲ್ಲಮ್ಮ. ಟಿಕೆಟ್ ತಗೊಂಡೋನು ಪ್ರಯಾಣಿಕ.”

ಅವಳು ಕಿಟಕಿಯಿಂದ ತಿರುಗಲಿಲ್ಲ. ಟಿಕೆಟು ತೆಗೆದಾಗಿತ್ತು. ನಿನ್ನೆ ಮಧ್ಯಾಹ್ನ, ಇದೇ ಮಂಚದ ಮೇಲೆ, ಅವಳೊಬ್ಬಳ ಎದುರಿಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಹೇಳಿದರೆ ಆ ಟೋಪಿಗಳು ರಸ್ತೆ ದಾಟಿ ಬರುತ್ತವೆ, ಅವನನ್ನು ಎತ್ತಿಕೊಂಡು ಹೋಗುತ್ತವೆ, ಮೂಲೆ ಜಾಗ ಖಾಲಿ ಉಳಿಯುತ್ತದೆ.

“ಒಳಗೆ ಕರೀಲಾ ಅಮ್ಮ? ಬಿಸಿಲಲ್ಲಿ ನಿಂತಿದಾರೆ.”

“ಬೇಡ. ಕರೆದ್ರೆ ಕೂತ್ಬಿಡ್ತಾರೆ.”

*

ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳಿಗೆ ಈ ಮನೆಯ ಕಾನೂನು ತಿಳಿದಿತ್ತು. ಗಂಡ ತಂತಿ ಸುತ್ತುವಾಗ ಮಾತಾಡಬಾರದು. ಒಂದೊಂದು ಸುರುಳಿಗೂ ಇಂತಿಷ್ಟೇ ಸುತ್ತು ಎಂದಿರುತ್ತದೆ. ಲೆಕ್ಕ ತಪ್ಪಿದರೆ ಮೋಟಾರು ಕಾದು ಮತ್ತೆ ಸುಡುತ್ತದೆ. ಆದ್ದರಿಂದ ಎಣಿಕೆ ತಪ್ಪಿತೆಂದರೆ ಅಷ್ಟೂ ಬಿಚ್ಚಿ ಒಂದರಿಂದ ಶುರು. ಅವನು ಬೆಳಗ್ಗೆ ಎಣಿಸುತ್ತಿದ್ದ, ಮಧ್ಯಾಹ್ನ ಎಣಿಸುತ್ತಿದ್ದ, ಸಂಜೆ ಎಣಿಸುತ್ತಿದ್ದ. ಅವಳು ಏನಾದರೂ ಕೇಳಿದರೆ ತುಟಿ ಅಲ್ಲಾಡುವುದು ನಿಲ್ಲದೆ ಒಂದು ಕೈ ಮೇಲೆತ್ತುತ್ತಿದ್ದ. ತಡಿ ಎಂದು ಅದರ ಅರ್ಥ. ಹಾಗೆ ತಡೆದು ತಡೆದು ಅವಳು ಎಷ್ಟೋ ಮಾತುಗಳನ್ನು ಮರೆತೇಬಿಟ್ಟಳು. ಮಗಳಂತೂ ತೊಟ್ಟಿಲಲ್ಲಿದ್ದಾಗಲೇ ಮೆತ್ತಗೆ ಅಳುವುದನ್ನು ಕಲಿತಿದ್ದಳು.

ಕೆಟ್ಟ ಗಂಡನಲ್ಲ. ಕುಡಿತವಿಲ್ಲ, ಕೈ ಎತ್ತುವುದಿಲ್ಲ. ಮಾತಿಲ್ಲ, ಅಷ್ಟೇ. ಕೆಲವು ಗಂಡಸರು ಹಾಗೆಯೇ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು, ಇಪ್ಪತ್ತನಾಲ್ಕು ವರ್ಷ.

ಆಮೇಲೆ ಮಸೀದಿಯ ಫ್ಯಾನುಗಳು ಬಂದವು. ಆರು ಫ್ಯಾನು ಸುತ್ತಿ, ಗುರುವಾರ ಹೋಗಿ ಹಾಕಿ ಬಂದ. ನಾಲ್ಕನೆಯದು ಸದ್ದು ಮಾಡುತ್ತಿದೆ ಎಂದು ಮರುದಿನ ಕರೆ ಬಂತು. ಹೋದವನು ಅದರ ಕೆಳಗೆ ಕೂತು ಕಿವಿಗೊಟ್ಟು ಕೇಳುತ್ತಿದ್ದಾಗ ಸುತ್ತಲೂ ಜನ ಬಂದು ಸಾಲಾಗಿ ಕೂತುಬಿಟ್ಟರಂತೆ. ಪ್ರವಚನ ಶುರುವಾಯಿತಂತೆ. ತಲೆಗಳನ್ನು ದಾಟಿಕೊಂಡು ಎದ್ದು ಬರುವುದು ಹೇಗೆ? ಇವನೂ ಕೂತ. ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ತಡವಾಗಿ ಬಂದು, “ಆ ಫ್ಯಾನು ಇನ್ನೂ ಗುನುಗ್ತಿದೆ. ಮುಂದಿನ ಶುಕ್ರವಾರ ಹೋಗಬೇಕು,” ಎಂದ. ಆ ಫ್ಯಾನಿನ ಕಾಯಿಲೆ ಹನ್ನೊಂದು ವರ್ಷ ವಾಸಿಯಾಗಲಿಲ್ಲ.

ಮೊದಮೊದಲು ಅವಳು ತಮಾಷೆ ಮಾಡಿದಳು. ಆಮೇಲೆ ಅವನು ಶುಕ್ರವಾರ ಬೆಳಗ್ಗೆಯೇ ಶೇವ್ ಮಾಡಿಕೊಳ್ಳತೊಡಗಿದ. ಇಸ್ತ್ರಿ ಮಾಡಿದ ಶರಟು ಬೇಕು ಎಂದ. ಮಗಳ ಮದುವೆ ಮಾತುಕತೆಗೆ ಹೋಗುವಾಗಲೂ ಸುಕ್ಕು ಅಂಗಿಯಲ್ಲಿ ಹೊರಟಿದ್ದ ಮನುಷ್ಯ. ಹೆಂಗಸೇ ಆಗಿದ್ದರೆ ಅಡ್ಡಗಟ್ಟಿ ಜುಟ್ಟು ಹಿಡಿದು ಕೇಳಬಹುದಿತ್ತು. ಒಂದು ಕಟ್ಟಡದ ಜುಟ್ಟು ಹಿಡಿಯುವುದು ಹೇಗೆ?

ಒಂದು ಶುಕ್ರವಾರ ಅವಳು ಹಿಂದೆಯೇ ಹೋದಳು. ಪ್ರಾರ್ಥನೆ ಮುಗಿದು ಜನ ಚಪ್ಪಲಿ ಹುಡುಕುತ್ತ ಹೊರಗೆ ಬರುತ್ತಿದ್ದರು. ಗೇಟಿನ ಕಂಬಿಯ ಸಂದಿಯಿಂದ ನೋಡಿದರೆ ಅಂಗಳದ ಮೆಟ್ಟಿಲ ಮೇಲೆ ಏಳೆಂಟು ಜನ ಗುಂಪಾಗಿ ಕೂತಿದ್ದರು. ನಡುವೆ ಅವಳ ಗಂಡ. ಮಾತಾಡುತ್ತಿದ್ದ. ಅದೂ ಕೈ ಬೀಸಿಕೊಂಡು, ಹುಬ್ಬು ಹಾರಿಸಿಕೊಂಡು ಮಾತಾಡುತ್ತಿದ್ದ. ಏನೋ ಹೇಳಿ ಮುಗಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ಮೂಲೆಯ ಬೇಕರಿಯವನ ಬೆನ್ನಿಗೆ ಹೊಡೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನಿಗೆ ಅಷ್ಟೊಂದು ಹಲ್ಲು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಅವಳು ಮನೆಗೆ ಬಂದು ಒಗೆದ ಬಟ್ಟೆಗಳನ್ನೇ ಇನ್ನೊಮ್ಮೆ ಒಗೆದಳು. ಅವನು ಬಂದ ಮೇಲೆ ಕೇಳಲಿಲ್ಲ, ಅವನು ಹೇಳಲಿಲ್ಲ. ಮೇಜಿಗೆ ಕೂತು ತಂತಿ ತೆಗೆದುಕೊಂಡು ತುಟಿ ಅಲ್ಲಾಡಿಸತೊಡಗಿದ.

*

ಮಗಳೇ ಕೊನೆಗೆ ಬಾಗಿಲು ತೆರೆದು ಕರೆದಳು. ಎಲ್ಲರೂ ಬರಲಿಲ್ಲ; ಇಮಾಮರೂ ಬೇಕರಿಯವನೂ ಮಾತ್ರ ಬಂದರು. ಇಮಾಮರು ತೆಳ್ಳಗಿನ ಮುದುಕ, ದಪ್ಪ ಗಾಜಿನ ಕನ್ನಡಕ. ಬೇಕರಿಯವನ ಮೈಮೇಲೆ ಇನ್ನೂ ಹಿಟ್ಟಿನ ಧೂಳಿತ್ತು. ಅತ್ತು ಅತ್ತು ಅದು ಕೆನ್ನೆಯ ಮೇಲೆ ಅಂಟಿಕೊಂಡಿತ್ತು. ಅದನ್ನು ನೋಡಿ ಅವಳಿಗೆ ಕೋಪ ಬಂತು. ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ಹೊರಗಿನವನು ಬಂದು ಅವಳ ಪಾಲಿನದನ್ನೂ ಅತ್ತುಬಿಟ್ಟ ಹಾಗಿತ್ತು.

ಇಬ್ಬರೂ ಮಂಚದ ಬಳಿ ನಿಂತರು. ಕೋಟು ಅರ್ಧ ಮೇಲಿತ್ತು, ಅರ್ಧ ಜೋತುಬಿದ್ದಿತ್ತು. ಆಮೇಲೆ ತೋರಿಸಿದ ಬೆಂಚಿನ ತುದಿಯಲ್ಲಿ ಕೂತರು. ತಾವು ಜಗಳಕ್ಕೆ ಬಂದವರಲ್ಲ ಎಂದು ಇಮಾಮರು ಭಾವನಿಗೆ ಮೊದಲೇ ಹೇಳಿದರು. ಮೇಸ್ತ್ರಿ ತಮ್ಮ ಜೊತೆ ಕೂರುತ್ತಿದ್ದ, ಕೇಳುತ್ತಿದ್ದ, ಓದುತ್ತಿದ್ದ, ಸಾಲಿನಲ್ಲಿ ನಿಲ್ಲುತ್ತಿದ್ದ, ಎಲ್ಲ ನಿಜ. ಆದರೆ ತಮ್ಮವನಾಗಲು ಒಂದು ವಾಕ್ಯ ಬಾಯಿಬಿಟ್ಟು ಹೇಳಬೇಕು. ಅದನ್ನು ಅವನು ತಮ್ಮ ಯಾರ ಎದುರಿಗೂ ಹೇಳಿರಲಿಲ್ಲ. ಹಾಗಾಗಿ ತಮಗೆ ಅವನ ಮೇಲೆ ಹಕ್ಕಿಲ್ಲ. ಕಾಯಿಲೆಯಲ್ಲಿ ಮನೆಯವರ ಎದುರಿಗೆ ಏನಾದರೂ ಹೇಳಿದ್ದನೇ ಎಂದು ಕೇಳಿ ಹೋಗೋಣ ಎಂದು ಬಂದದ್ದು, ಅಷ್ಟೇ.

“ಏನೂ ಹೇಳಿಲ್ಲ,” ಎಂದರು ಭಾವ.

ಇಮಾಮರು ಅವಳ ಕಡೆ ನೋಡಿದರು. ನೇರವಾಗಿ ಅಲ್ಲ; ಅವಳ ಪಕ್ಕದ ಗೋಡೆಯ ಕಡೆ.

“ಇಲ್ಲ,” ಎಂದಳು ಅವಳು.

*

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಅವನು ಅರ್ಧ ಸುತ್ತಿದ ಸುರುಳಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಅಡುಗೆಮನೆಗೆ ಬಂದಿದ್ದ. ಎಣಿಕೆ ನಡುವೆ ಅವನು ಎದ್ದು ಬಂದದ್ದು ಅದೇ ಮೊದಲು. ಯಾರೋ ಸತ್ತಿರಬೇಕು ಎಂದುಕೊಂಡಳು.

“ನಾನು ಅವರ ಜೊತೆ ಸೇರ್ಕೊಬೇಕು ಅಂತಿದೀನಿ. ನಿನ್ನ ಕೇಳ್ದೆ ಮಾಡಲ್ಲ,” ಎಂದ.

ಯಾಕೆ, ಅಲ್ಲಿ ಏನು ಸಿಗುತ್ತೆ, ಇಲ್ಲಿ ಏನಿಲ್ಲ ಎಂದು ಕೇಳಬೇಕಿತ್ತು. ಕೇಳಲು ಅವಳಿಗೆ ಭಯ. ಅವನು ಪಟ್ಟಿ ಕೊಟ್ಟುಬಿಟ್ಟರೆ? ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡದೆ, “ನನ್ನ ಮಣ್ಣು ಮಾಡಿ, ಆಮೇಲೆ ಹೋಗಿ ಸೇರ್ಕೊಳ್ಳಿ,” ಎಂದಳು.

“ಆಯ್ತು,” ಎಂದ ಅವನು.

ವಾದ ಮಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಮೇಜಿಗೆ ಹೋಗಿ, ಸುತ್ತಿದ್ದನ್ನೆಲ್ಲ ಬಿಚ್ಚಿ, ಒಂದರಿಂದ ಶುರುಮಾಡಿದ. ಅವನು ಜಗಳವಾಡಿದ್ದರೆ ಅವಳು ಅರ್ಧ ಗಂಟೆಯಲ್ಲಿ ಸೋತುಬಿಡುತ್ತಿದ್ದಳೇನೋ. ಆ ಒಂದು ‘ಆಯ್ತು’ ಅವಳನ್ನು ನಾಲ್ಕು ವರ್ಷ ಸುಟ್ಟಿತು. ಗೆದ್ದದ್ದು ತಾನೋ ಅವರೋ ಎಂದು ಅವಳಿಗೆ ತಿಳಿಯಲೇ ಇಲ್ಲ. ಶುಕ್ರವಾರದ ಇಸ್ತ್ರಿಯಂತೂ ನಿಲ್ಲಲಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಅವನು ಚಮಚವನ್ನು ತುಟಿಯಿಂದ ಸರಿಸಿ, ಅವಳ ಕೈ ಹಿಡಿದುಕೊಂಡ. ದೇವರೊಬ್ಬನೇ, ಮುಹಮ್ಮದರು ಅವನ ದೂತರು ಎಂಬುದಕ್ಕೆ ತಾನು ಸಾಕ್ಷಿ ಎನ್ನುವ ಆ ವಾಕ್ಯವನ್ನು ಮೊದಲು ಅವರ ಭಾಷೆಯಲ್ಲಿ ಹೇಳಿದ. ಒಂದು ಅಕ್ಷರವೂ ತಡವರಿಸಲಿಲ್ಲ. ಆಮೇಲೆ ಉಸಿರು ತೆಗೆದುಕೊಂಡು, ಅವಳಿಗೆ ತಿಳಿಯಲೆಂದು, ಮನೆಯ ಭಾಷೆಯಲ್ಲಿ ಮತ್ತೊಮ್ಮೆ ಹೇಳಿದ.

“ನೀನು ಬದುಕಿರೋವಾಗ್ಲೇ ಹೇಳಿಬಿಟ್ಟೆ. ತಡೆಯೋಕೆ ಟೈಮಿಲ್ಲ. ಬೇಜಾರಾಯ್ತಾ?”

“ಹಾಲು ಆರುತ್ತೆ. ಬಾಯಿ ತೆಗೀರಿ,” ಎಂದಳು ಅವಳು.

ಅವನು ಬಾಯಿ ತೆರೆದ. ಅವರಿಬ್ಬರ ನಡುವಿನ ಕೊನೆಯ ಮಾತುಕತೆ ಅದು.

*

ಇಮಾಮರು ಎದ್ದರು. ಅವಳ ‘ಇಲ್ಲ’ವನ್ನು ಅವರು ತಿರುಗಿಸಿ ಮುರುಗಿಸಿ ನೋಡಲಿಲ್ಲ. ಚರ್ಚಿನ ಗೇಟಿನ ಹೊರಗೆ ನಿಲ್ಲಲು ಮಾತ್ರ ಅಪ್ಪಣೆ ಕೇಳಿದರು. ಭಾವನೂ ದೊಡ್ಡ ಮನಸ್ಸು ಮಾಡಿ, ಒಳಗೇ ಬನ್ನಿ ಎಂದರು. ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು. ಮುಗಿಯದ ಹಾಗೆ ಮಾಡಿದ್ದು ಬೇಕರಿಯವನು.

ಬಾಗಿಲ ತನಕ ಹೋದವನು ತಿರುಗಿ, “ಮಂಡಿನೋವು ಹೇಗಿದೆ ಅಕ್ಕ? ಮಾಳಿಗೆ ಮೆಟ್ಟಿಲು ಹತ್ತಬೇಡಿ,” ಎಂದ.

ಅವಳಿಗೆ ಮಂಡಿನೋವು ಎಂದು ಇವನಿಗೆ ಹೇಳಿದವರು ಯಾರು? ಮೇಸ್ತ್ರಿ ಹೇಳಿದ್ದ. ಇನ್ನೇನು ಹೇಳಿದ್ದ ಎಂದು ಕೇಳಿದಳು. ಬೇಕರಿಯವನು ಸಂಕೋಚದಿಂದ ಶುರುಮಾಡಿದವನು ಆಮೇಲೆ ನಿಲ್ಲಿಸಲಿಲ್ಲ. ಅವಳಿಗೆ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಬರುವುದು ಅವನಿಗೆ ಗೊತ್ತಿತ್ತು. ಬಾಣಂತನದಲ್ಲಿ ಸಾಯುವ ಹಾಗಾಗಿದ್ದು, ಆಗ ಮೇಸ್ತ್ರಿ ಆಸ್ಪತ್ರೆಯ ಹೊರಗೆ ಕೂತು ತಂತಿಯೇ ಇಲ್ಲದೆ ಬರೀ ಕೈಯಲ್ಲಿ ಸುತ್ತುತ್ತಿದ್ದದ್ದು ಗೊತ್ತಿತ್ತು. ಅವಳು ಸಿಟ್ಟು ಬಂದರೆ ಒಗೆದ ಬಟ್ಟೆಯನ್ನೇ ಒಗೆಯುತ್ತಾಳೆಂದೂ ಗೊತ್ತಿತ್ತು.

“ಆಮೇಲೆ ಆ ನಾಯಿ ಕತೆ,” ಎಂದ ಬೇಕರಿಯವನು. ಅಳುತ್ತಿದ್ದ ಮುಖದಲ್ಲೇ ನಗು ಬಂತು. “ಮದುವೆ ಆದ ಹೊಸದರಲ್ಲಿ. ಇವರು ಎಣಿಸ್ತಿದ್ರಂತೆ. ಬೀದಿ ನಾಯಿ ಒಳಗೆ ಬಂದು ಬ್ರೆಡ್ ಕಚ್ಕೊಂಡು ಹೋಯ್ತಂತೆ. ನೀವು ಕೂಗಿದ್ರೆ ಎಣಿಕೆ ತಪ್ಪುತ್ತೆ ಅಂತ ಇವರ ಜೊತೆ ಸೇರ್ಕೊಂಡು, ನಾನೂರಾ ಹನ್ನೆರಡು, ನಾಯಿ ಬ್ರೆಡ್ ತಗೊಂಡು ಹೋಯ್ತು, ನಾನೂರಾ ಹದಿಮೂರು, ಹಿಡೀರಿ, ನಾನೂರಾ ಹದಿನಾಲ್ಕು ಅಂದ್ರಂತಲ್ಲ. ಅಕ್ಕ, ಎಷ್ಟು ಸಲ ಹೇಳಿಸಿದೀವೋ. ಹೇಳೋವಾಗೆಲ್ಲ ಕಣ್ಣಲ್ಲಿ ನೀರು ಬರೋ ಹಾಗೆ ನಗೋರು.”

ಅವಳು ಮಂಚದ ಕಡೆ ತಿರುಗಿದಳು.

“ಆವತ್ತು ನಗಲಿಲ್ಲ ಅವರು.”

“ಎಣಿಸ್ತಿದ್ರಲ್ಲ ಅಕ್ಕ.”

ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು, ಹಿಂದಿನದಕ್ಕಿಂತ ನಾಲ್ಕು ಪಟ್ಟು. ಇಷ್ಟು ವರ್ಷ ಅವಳು ಅಂದುಕೊಂಡಿದ್ದದ್ದು ಅಲ್ಲಿ ಅವನು ಬೇರೆ ಏನನ್ನೋ ಮಾತಾಡುತ್ತಾನೆ ಎಂದು. ಅವಳ ಬಗ್ಗೆಯೇ ಮಾತಾಡುತ್ತಿದ್ದ. ಅವಳ ನಾಲಿಗೆ, ಅವಳ ಮಂಡಿ, ಅವಳ ನಾಯಿ. ಅವಳಿಗೆ ಸೇರಬೇಕಾದ ಅಷ್ಟೂ ಮಾತನ್ನು, ಅಷ್ಟೂ ನಗುವನ್ನು ಈ ಹಿಟ್ಟಿನ ಮುಖದವನು ಮೆಟ್ಟಿಲ ಮೇಲೆ ಕೂತು ತಿಂದುಬಿಟ್ಟಿದ್ದ.

ಇಷ್ಟು ಸಾಲದೆಂಬಂತೆ ಇಮಾಮರೂ ನಿಂತಲ್ಲೇ ಒಂದು ಕತೆ ಹೇಳಿದರು. ಮೇಸ್ತ್ರಿ ಮೊದಲು ಬಂದ ತಿಂಗಳು ಅವರನ್ನು ಕೇಳಿದ ಪ್ರಶ್ನೆ ದೇವರ ಬಗ್ಗೆ ಅಲ್ಲವಂತೆ. ಪ್ರಾರ್ಥನೆಯಲ್ಲಿ ಬಾಗುವುದು, ಏಳುವುದು ಇಷ್ಟು ಸಲ ಎಂದಿದೆಯಲ್ಲ. ನಡುವೆ ಎಷ್ಟಾಯಿತು ಎಂದು ಮರೆತುಹೋದರೆ ಏನು ಮಾಡುತ್ತೀರಿ, ಮೊದಲಿಂದ ಶುರುಮಾಡುತ್ತೀರಾ ಎಂದು ಕೇಳಿದ್ದ.

“ಇಲ್ಲಪ್ಪ, ಮುಂದುವರಿಸ್ತೀವಿ, ಕಡಿಮೆ ಎಣಿಕೆ ಹಿಡಿದು ಪೂರ್ತಿ ಮಾಡಿ, ಕೊನೇಲಿ ಎರಡು ಸಲ ಹೆಚ್ಚಿಗೆ ತಲೆ ನೆಲಕ್ಕೆ ಇಡ್ತೀವಿ, ಅಷ್ಟೇ ಅಂದೆ. ಬಿಚ್ಚೋದೇ ಇಲ್ವಾ ಅಂದ್ರು. ಇಲ್ಲ ಅಂದೆ. ಆವತ್ತಿಂದ ಬರೋದನ್ನ ಬಿಡ್ಲೇ ಇಲ್ಲ ನೋಡಿ. ನಾವು ಕೇಳ್ತಾನೇ ಇದ್ವಿ, ಇಷ್ಟೆಲ್ಲ ಆದ್ಮೇಲೆ ಆ ಒಂದು ಮಾತು ಹೇಳಬಾರದಾ ಅಂತ. ಮನೇಲಿ ಇನ್ನೂ ಒಪ್ಪಿಲ್ಲ, ಅವಳು ಒಪ್ಪಲಿ ಅನ್ನೋರು.”

“ನಮ್ಮ ಹತ್ರ ಎಲ್ಲ ಹೇಳ್ಕೊಳ್ಳೋರು,” ಎಂದ ಬೇಕರಿಯವನು ಮೂಗು ಒರೆಸಿಕೊಳ್ಳುತ್ತ. “ನಮಗೆ ಹೇಳದೇ ಇರೋದು ಒಂದೂ ಇರಲಿಲ್ಲ.”

“ಒಂದಿದೆ,” ಎಂದಳು ಅವಳು.

ದನಿ ಎಷ್ಟು ಜೋರಾಗಿತ್ತೆಂದರೆ ಭಾವ ಕೋಟು ಬಿಟ್ಟು ತಿರುಗಿದರು.

“ಒಂದಿದೆ. ನಿಮಗ್ಯಾರಿಗೂ ಹೇಳಿಲ್ಲ. ನನಗೆ ಹೇಳಿದ್ರು. ನಿನ್ನೆ ಮಧ್ಯಾಹ್ನ, ನನ್ನ ಕೈ ಹಿಡ್ಕೊಂಡು, ನನ್ನೊಬ್ಬಳಿಗೇ ಹೇಳಿದ್ರು. ನಿಮ್ಮ ಆ ವಾಕ್ಯ. ಎರಡು ಸಲ.”

ಬೇಕರಿಯವನ ಬಾಯಿ ತೆರೆದಂತೆಯೇ ಉಳಿಯಿತು. ಅದನ್ನು ನೋಡಿ ಅವಳಿಗೆ ಎಂಥ ಸುಖವಾಯಿತೆಂದು ಹೇಳುವ ಹಾಗಿಲ್ಲ. ಹನ್ನೊಂದು ವರ್ಷ ಇವರು ಕಾದು ಕೂತದ್ದು ಇವರಿಗೆ ಸಿಗಲಿಲ್ಲ, ಅವಳಿಗೆ ಸಿಕ್ಕಿತು. ಆ ಸುಖ ಇದ್ದದ್ದು ಎರಡು ಉಸಿರಿನ ಹೊತ್ತು. ಅಷ್ಟರಲ್ಲಿ ತಾನು ಏನು ಮಾಡಿಕೊಂಡೆ ಎಂಬುದು ಅವಳಿಗೇ ತಿಳಿಯಿತು.

“ಏನು ಹೇಳ್ತಿದೀಯ ಅಂತ ಗೊತ್ತಾಗ್ತಿದೆಯಾ?” ಎಂದರು ಭಾವ. ಕೋಪಕ್ಕಿಂತ ಅವರ ದನಿಯಲ್ಲಿ ಗಾಬರಿಯೇ ಹೆಚ್ಚಿತ್ತು. ಪಾದ್ರಿಗಳಿಗೆ ಹೇಳಿಯಾಗಿದೆ, ಪೆಟ್ಟಿಗೆ ಬಂದಿದೆ, ಜನರಿಗೆ ನಾಲ್ಕು ಗಂಟೆ ಎಂದು ತಿಳಿಸಿಯಾಗಿದೆ. “ಅದೆಲ್ಲ ಹೋಗ್ಲಿ. ನಿನ್ನ ಜಾಗ? ಅವನ ಪಕ್ಕ ನಿನ್ನ ಜಾಗ ಅಲ್ಲಿದೆ. ಅವರ ಕಡೆ ಅವನನ್ನ ಮಲಗಿಸಿದ್ರೆ ನಾಳೆ ನೀನೆಲ್ಲಿ? ನೀನು ಹೇಳಿಲ್ಲ, ನಾವು ಕೇಳಿಲ್ಲ.”

ಒಬ್ಬಳ ಮಾತು ಸಾಲದು, ಇಬ್ಬರು ಸಾಕ್ಷಿ ಬೇಕಲ್ಲವೇ ಎಂದು ಭಾವ ಇಮಾಮರನ್ನೂ ಕೇಳಿದರು. ಅವರ ಕಾನೂನು ಇವರಿಗೆ ಎಲ್ಲಿಂದ ಗೊತ್ತೋ. ಇಮಾಮರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗೆ ಹೇಳೋರು ಇದಾರೆ. ಆದ್ರೆ ಈ ಮಾತು ಹೇಳಿದ್ರಿಂದ ಇವರಿಗೆ ನಷ್ಟವೇ ಹೊರತು ಲಾಭ ಇಲ್ಲ. ನಷ್ಟ ಮಾಡ್ಕೊಳ್ಳೋಕೆ ಅಂತ ಸುಳ್ಳು ಹೇಳೋರನ್ನ ನಾನು ಇವತ್ತಿನವರೆಗೆ ನೋಡಿಲ್ಲ.” ಆಮೇಲೆ ಅವಳ ಪಕ್ಕದ ಗೋಡೆಗೆ ಹೇಳಿದರು: “ಅಮ್ಮ, ಜಗಳ ಮಾಡಿ ಎತ್ಕೊಂಡು ಹೋಗೋರಲ್ಲ ನಾವು. ನೀವು ಬೇಡ ಅಂದ್ರೆ ಈಗಲೂ ಹೋಗ್ತೀವಿ. ಅವರು ಹೇಳಿದ್ದು ಕೇಳಿಸಬೇಕಾದವನಿಗೆ ಕೇಳಿಸಿದೆ.”

ಎಲ್ಲರೂ ಅವಳನ್ನು ನೋಡುತ್ತಿದ್ದರು. ಬೇಡ ಎನ್ನಲು ಒಂದೇ ಪದ ಸಾಕಿತ್ತು. ಅವಳು ಮಂಚದ ಕಡೆ ನೋಡಿದಳು. ಒಂದು ತೋಳು ಕೋಟಿನಲ್ಲಿ, ಒಂದು ತೋಳು ಹೊರಗೆ. ನಾಲ್ಕು ವರ್ಷದ ಹಿಂದೆ ಆಯ್ತು ಎಂದು ಎದ್ದು ಹೋದವನು ನಿನ್ನೆ ಅವಳ ಕೈ ಬಿಡದೆ ಹೇಳಿದ್ದ. ಅವಳನ್ನು ಕೇಳಲಿಲ್ಲ, ಆದರೆ ಅವಳಿಂದ ಮುಚ್ಚಿಡಲೂ ಇಲ್ಲ. ಅವಳು ಇಷ್ಟು ವರ್ಷ ಹಂಬಲಿಸಿದ ಜಗಳ ಅದೇ ಆಗಿತ್ತೇನೋ, ಮತ್ತು ಅವಳು ಹಾಲು ಆರುತ್ತೆ ಎಂದುಬಿಟ್ಟಿದ್ದಳು.

“ಕೋಟು ತೆಗೀರಿ ಭಾವ,” ಎಂದಳು.

ಮಗಳು ಬಂದು ಅವಳನ್ನು ಹಿಡಿದುಕೊಂಡಳು. ಬೇಕರಿಯವನು ಸಡಗರದಿಂದ ಫೋನು ತೆಗೆದ. ಮಸೀದಿಯಲ್ಲಿ ತೊಳೆಯುವ ಜಾಗವಿದೆ, ತಾವು ನಾಲ್ಕು ಜನ ಗೆಳೆಯರೇ ಸೇರಿ ತೊಳೆಯುತ್ತೇವೆ, ಅಕ್ಕ ಯಾವ ಚಿಂತೆಯನ್ನೂ ಮಾಡಬೇಕಾಗಿಲ್ಲ ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ. ಅವಳ ಮೈಯೆಲ್ಲ ಉರಿಯಿತು.

“ಅದನ್ನೂ ನೀವೇ ಮಾಡ್ಬೇಕಾ? ಒಂದಾದ್ರೂ ಬಿಡ್ತೀರಾ ನನಗೆ?”

ಬೇಕರಿಯವನು ಫೋನನ್ನು ಜೇಬಿಗೆ ಹಾಕಿಕೊಂಡ. ಇಮಾಮರು ಮಾತ್ರ ಮೊದಲ ಸಲ ಅವಳನ್ನು ನೇರವಾಗಿ ನೋಡಿದರು.

“ಬಿಡೋದು ನಮ್ಮ ಕೈಲಿಲ್ಲಮ್ಮ. ಗಂಡಸರನ್ನ ಗಂಡಸರು ತೊಳೀತಾರೆ. ಬೇರೆ ಹೆಂಗಸರು ಮುಟ್ಟೋ ಹಾಗಿಲ್ಲ, ಮಗಳೂ ಇಲ್ಲ. ಹೆಂಡತಿ ಒಬ್ಬಳನ್ನ ಬಿಟ್ಟು. ನಾನು ತೊಳೀತೀನಿ ಅಂತ ಹೆಂಡತಿ ಅಂದ್ರೆ ಅವಳನ್ನ ತಡೆಯೋ ಹಕ್ಕು ನನಗೂ ಇಲ್ಲ, ಇಡೀ ಮಸೀದಿಗೂ ಇಲ್ಲ.”

“ನಾನು ನಿಮ್ಮವಳಲ್ವಲ್ಲ.”

“ನೀವು ಅವರವಳಲ್ವಾ. ಅಷ್ಟು ಸಾಕು.”

*

ಹಿತ್ತಲ ಬಚ್ಚಲಮನೆಯಲ್ಲಿ ಮಸೀದಿಯಿಂದ ತಂದ ಉದ್ದ ಹಲಗೆಯನ್ನು ಇಟ್ಟರು. ಅವಳೇ ನೀರು ಕಾಯಿಸಿದಳು. ತೀರಾ ಬಿಸಿ ಬೇಡ, ಮೊಣಕೈಗೆ ಹಿತವಾಗುವಷ್ಟು. ಇಮಾಮರು ಮುಚ್ಚಿದ ಬಾಗಿಲ ಹೊರಗೆ, ಗೋಡೆಗೆ ಮುಖ ಮಾಡಿ ನಿಂತು, ಒಂದೊಂದೇ ಹೇಳಿಕೊಟ್ಟರು. ಹೊಕ್ಕುಳಿಂದ ಮಂಡಿಯವರೆಗೆ ಬಟ್ಟೆ ಹೊದಿಸಿಯೇ ಇರಬೇಕು. ಬಲಗಡೆ ಮೊದಲು. ಆಮೇಲೆ ಎಡಗಡೆ. ಮೆತ್ತಗೆ, ನೋಯುತ್ತದೆ ಎಂದುಕೊಂಡೇ ತೊಳೆಯಬೇಕು.

ಮಗ್ಗುಲು ತಿರುಗಿಸಲು ಭಾವನನ್ನು ಕರೆದರು. ಬೆಳಗ್ಗೆಯಿಂದ ನಾಲ್ಕು ಗಂಟೆ, ನಾಲ್ಕು ಗಂಟೆ ಎನ್ನುತ್ತಿದ್ದವರು ಈಗ ಗಡಿಯಾರ ಬಿಚ್ಚಿಟ್ಟು, ಪ್ಯಾಂಟು ಮಡಚಿಕೊಂಡು, ತಮ್ಮನ ಭುಜವನ್ನು ಎದೆಗೆ ಒರಗಿಸಿ ಹಿಡಿದುಕೊಂಡರು. ಅವಳು ಬೆನ್ನಿಗೆ ನೀರು ಹೊಯ್ದಳು. ಬೆನ್ನಿನ ನಡುವೆ ಒಂದು ಕಪ್ಪು ಮಚ್ಚೆ ಇತ್ತು. ಇದು ಚಿಕ್ಕಂದಿನಲ್ಲಿ ಇರಲಿಲ್ಲ ಎಂದರು ಭಾವ. ಮದುವೆಯಾದಾಗ ಇತ್ತು ಎಂದಳು ಅವಳು. ಅಷ್ಟಕ್ಕೇ ಭಾವ ಬಿಕ್ಕಿ ಅಳತೊಡಗಿದರು. ತಮ್ಮನನ್ನು ಮೆಲ್ಲಗೆ ಮಲಗಿಸಿ ಹೊರಗೆ ಹೋಗಿಬಿಟ್ಟರು.

ಅವಳು ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಕೊನೆಯ ನೀರಿಗೆ ಕರ್ಪೂರ ಹಾಕಿ ಹೊಯ್ದಾಯಿತು. ಸಣ್ಣ ಕಿಟಕಿಯಿಂದ ಓಣಿ ಕಾಣುತ್ತಿತ್ತು. ಬೆಳಗ್ಗೆ ಹದಿಮೂರು ಇದ್ದ ಟೋಪಿಗಳು ಈಗ ಓಣಿಯ ಆ ತುದಿಯವರೆಗೂ ಇದ್ದವು. ಚರ್ಚಿನ ಕಡೆಯವರೂ ಬಂದು ಅವರ ನಡುವೆ ನಿಂತಿದ್ದರು. ಬೇಕರಿಯವನು ಹೆಣಕ್ಕೆ ಸುತ್ತುವ ಮೂರು ಬಿಳಿ ಬಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿದ್ದ.

ಇಮಾಮರು ಕೆಮ್ಮಿದರು. ಆಯಿತೇ ಅಮ್ಮ, ಪ್ರಾರ್ಥನೆಯ ಹೊತ್ತಾಗುತ್ತಿದೆ ಎಂದರು.

ಅವಳು ಒಣಗಿದ ಟವೆಲು ತೆಗೆದುಕೊಂಡು, ಸೀರೆ ಸಿಕ್ಕಿಸಿ, ಗಂಡನ ಪಾದಗಳ ಬಳಿ ಒದ್ದೆ ನೆಲದ ಮೇಲೆಯೇ ಕುಳಿತಳು. ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕಿರುಬೆರಳನ್ನು ಪಕ್ಕದ ಬೆರಳಿನಿಂದ ಮೆತ್ತಗೆ ಬಿಡಿಸಿ ಸಂದಿಯನ್ನು ಒರೆಸಿದಳು. ಮುಂದಿನ ಬೆರಳಿಗೆ ಹೋಗಲು ಅವಳಿಗೆ ಅವಸರವಿರಲಿಲ್ಲ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.